ಹ್ಯಾಂಡಿಕ್ಯಾಮ್‌ನ ಎಚ್‌ಡಿ ವಿಡಿಯೊನ ಟಿವಿ ಪ್ಲೇಯರ್‌ನಲ್ಲಿ ಓಡೋ ಡಿವಿಡಿ ಮಾಡೋದು ಹೇಗೆ

ಡಿವಿಡಿ ಯಾರ್ರೀ ನೋಡ್ತಾರೆ ಈಗ, ಪೆನ್‌ಡ್ರೈವ್‌ಗೆ ಹಾಕ್ಕೊಡಿ ಅಂತೀರೇನೋ. ಆದ್ರೆ ಊರಲ್ಲಿ ದೊಡ್ಡಪ್ಪನ ಮನೇಲಿ, ಅಜ್ಜಿ ಮನೇಲಿ ಇನ್ನೂ ಹಳೇ ಡಿವಿಡಿ ಪ್ಲೇಯರ್ ಇದೆ, ಅವ್ರಿಗೆ ಡಿಸ್ಕ್ ಹಾಕಿ ಪ್ಲೇ ಒತ್ತೋದು ಗೊತ್ತು, ಬೇರೆ ಏನೂ ಬೇಡ. ಮನೇಲಿ 2008, 2010ರ ಸುಮಾರಿನ ಎಚ್‌ಡಿ ಹ್ಯಾಂಡಿಕ್ಯಾಮ್ ಫುಟೇಜ್ ಬಿದ್ದಿದ್ರೆ, ಮದುವೆ, ನಾಮಕರಣ, ಗೃಹಪ್ರವೇಶ ಏನಾದ್ರೂ ಇರ್ಲಿ, ಅದನ್ನ ಸರಿಯಾಗಿ ಡಿವಿಡಿ ಮಾಡೋ ದಾರಿ ಇದು. "ಎಚ್‌ಡಿಲಿ ತೆಗ್ದಿದ್ದು ಡಿವಿಡಿಲಿ ಇಷ್ಟು ಕೆಟ್ಟದಾಗಿ ಯಾಕೆ ಕಾಣತ್ತೆ" ಅಂತ ಕೇಳೋರು ಬಹಳ ಜನ. ತಪ್ಪೆಲ್ಲಾ ಡಿವಿಡಿದಲ್ಲ, ಮುಕ್ಕಾಲು ಪಾಲು ನಾವು ಚಿಕ್ಕದು ಮಾಡೋ ರೀತಿಲಿ ಇರತ್ತೆ.

ಮೊದ್ಲು ಕ್ಯಾಮೆರಾದಿಂದ ತೆಗೆಯೋದು. ಸೋನಿ, ಪ್ಯಾನಸಾನಿಕ್ ಸೇರಿ 2006ರಲ್ಲಿ ತಂದ ಎವಿಸಿಎಚ್‌ಡಿ ಅನ್ನೋ ಫಾರ್ಮ್ಯಾಟ್‌ನಲ್ಲಿ ಈ ಕ್ಯಾಮೆರಾಗಳು ರೆಕಾರ್ಡ್ ಮಾಡ್ತವೆ, ಕಾರ್ಡ್ ತೆಗೆದು ನೋಡಿದ್ರೆ ಪ್ರೈವೇಟ್, ಅದರೊಳಗೆ ಎವಿಸಿಎಚ್‌ಡಿ, ಅದರೊಳಗೆ ಬಿಡಿಎಂವಿ, ಅದರೊಳಗೆ ಸ್ಟ್ರೀಮ್ ಅಂತ ಫೋಲ್ಡರ್ ಮೇಲೆ ಫೋಲ್ಡರ್ ಇರತ್ತೆ, ಕೊನೇದ್ರಲ್ಲಿ ಎಂಟಿಎಸ್ ಫೈಲ್‌ಗಳು. ಬರೀ ಆ ಎಂಟಿಎಸ್ ಮಾತ್ರ ಎತ್ಕೋಬೇಡಿ, ಪ್ರೈವೇಟ್ ಫೋಲ್ಡರ್‌ನ ಇಡೀ ಕಾಪಿ ಮಾಡಿ. ಯಾಕಂದ್ರೆ ಕಾರ್ಡ್‌ನಲ್ಲಿರೋ ಫ್ಯಾಟ್32 ಅನ್ನೋ ಫೈಲ್ ಜೋಡಿಸೋ ಪದ್ಧತಿಯ ಮಿತಿಯಿಂದ ಉದ್ದ ರೆಕಾರ್ಡಿಂಗ್‌ನ ಕ್ಯಾಮೆರಾನೇ 2 ಜಿಬಿ ಅಥ್ವಾ 4 ಜಿಬಿ ತುಂಡು ಮಾಡಿರತ್ತೆ, ಯಾವ ತುಂಡು ಯಾವುದಕ್ಕೆ ಸೇರಿದ್ದು ಅನ್ನೋ ಲೆಕ್ಕ ಪಕ್ಕದ ಪ್ಲೇಲಿಸ್ಟ್ ಫೈಲ್‌ಗಳಲ್ಲಿ ಇರತ್ತೆ. ತುಂಡುಗಳನ್ನ ಬೇರೆ ಬೇರೆ ಕನ್ವರ್ಟ್ ಮಾಡಿ ಆಮೇಲೆ ಅಂಟಿಸಿದ್ರೆ ಸೇರೋ ಜಾಗದಲ್ಲಿ ಸೌಂಡ್ ಒಂದು ಕ್ಷಣ ಹಾರಿಹೋಗತ್ತೆ, ಅದೂ ಸರಿಯಾಗಿ ತಾಳಿ ಕಟ್ಟೋ ಹೊತ್ತಿಗೇ ಬಂದಿರತ್ತೆ ನೋಡಿ ಬೇಕಾದ್ರೆ. ಕ್ಯಾಮೆರಾ ಜೊತೆ ಬಂದ ಸಾಫ್ಟ್‌ವೇರ್‌ನಿಂದ ಇಂಪೋರ್ಟ್ ಮಾಡಿದ್ರೆ ಅದೇ ಜೋಡಿಸಿ ಕೊಡತ್ತೆ, ಇಲ್ಲಾಂದ್ರೆ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೊ ಕನ್ವರ್ಟ್ ಮಾಡೋ ಸಾಫ್ಟ್‌ವೇರ್‌ನಲ್ಲಿ ಕಾನ್‌ಕ್ಯಾಟ್ (ತುಂಡು ಜೋಡಿಸೋದು) ಮಾಡಿ ಮೊದ್ಲು ಒಂದೇ ಫೈಲ್ ಮಾಡ್ಕೊಳ್ಳಿ. ಟೇಪ್ ಹಾಕೋ ಎಚ್‌ಡಿವಿ ಕ್ಯಾಮೆರಾ ಆದ್ರೆ ಫೈರ್‌ವೈರ್ ಪೋರ್ಟ್ ಇರೋ ಕಂಪ್ಯೂಟರ್ ಹುಡುಕೋದೇ ದೊಡ್ಡ ತಲೆನೋವು, ಅದು ಬೇರೆ ಕಥೆ.

ಈಗ ಮುಖ್ಯ ವಿಷಯ. ಎಚ್‌ಡಿ ಅಂದ್ರೆ 1920 x 1080, ನಮ್ಮ ಕಡೆಯ ಪಾಲ್ ಅನ್ನೋ ಟಿವಿ ಪದ್ಧತಿಯ ಡಿವಿಡಿ ಅಂದ್ರೆ 720 x 576. ಲೆಕ್ಕ ಹಾಕಿದ್ರೆ ಪಿಕ್ಸೆಲ್ ಸರಿಯಾಗಿ ಐದರಲ್ಲಿ ಒಂದು ಪಾಲು ಆಗತ್ತೆ, ಅಷ್ಟು ಕಳ್ಕೊಳ್ಳೋದು ಗ್ಯಾರಂಟಿ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಆದ್ರೆ ಹಳೇ ಹ್ಯಾಂಡಿಕ್ಯಾಮ್‌ಗಳು ಜಾಸ್ತಿ 1080ಐ, ಅಂದ್ರೆ ಇಂಟರ್‌ಲೇಸ್ಡ್. ಸೆಕೆಂಡಿಗೆ 50 ಸಲ ಅರ್ಧರ್ಧ ಚಿತ್ರ ತೆಗೆಯತ್ತೆ, ಒಂದ್ಸಲ ಬೆಸ ಗೆರೆ, ಇನ್ನೊಂದ್ಸಲ ಸಮ ಗೆರೆ, ಒಂದೊಂದ್ರಲ್ಲಿ 540 ಗೆರೆ. ಎರಡೂ ಬೇರೆ ಬೇರೆ ಕ್ಷಣದ್ದು. ಓಡ್ತಿರೋ ಮಗೂನ ನಿಲ್ಲಿಸಿ ನೋಡಿದ್ರೆ ಅಂಚಲ್ಲಿ ಬಾಚಣಿಗೆ ಹಲ್ಲಿನ ಥರ ಕಾಣತ್ತಲ್ಲ, ಅದೇ. ಇದನ್ನ ಬಿಡಿಸದೇ ಹಾಗೇ 576ಕ್ಕೆ ಕುಗ್ಗಿಸಿದ್ರೆ ಎರಡು ಕ್ಷಣ ಒಂದರೊಳಗೊಂದು ಕಲಸಿಹೋಗತ್ತೆ, ಆಮೇಲೆ ಯಾವ ಫಿಲ್ಟರ್ ಹಾಕಿದ್ರೂ ಬಿಡಿಸೋಕೆ ಬರಲ್ಲ. "ಮಸುಕು ಮಸುಕು, ಡಬಲ್ ಡಬಲ್ ಕಾಣತ್ತೆ" ಅನ್ನೋ ಕಂಪ್ಲೇಂಟ್ ಬಹಳ ಸಲ ಇಲ್ಲಿಂದಲೇ ಹುಟ್ಟೋದು.

ಹಾಗಾಗಿ ಕ್ರಮ ಹೀಗಿರ್ಬೇಕು: ಮೊದ್ಲು ಡಿಇಂಟರ್‌ಲೇಸ್ ಮಾಡಿ, ಅಂದ್ರೆ ಆ ಅರ್ಧ ಚಿತ್ರಗಳನ್ನ ಬಿಡಿಸಿ, ಅದೂ ಅರ್ಧ ಚಿತ್ರ ಒಂದೊಂದನ್ನೂ ಪೂರ್ತಿ ಫ್ರೇಮ್ ಮಾಡೋ ಥರ, 25 ಅಲ್ಲ 50 ಫ್ರೇಮ್ ಬರೋ ಹಾಗೆ. ಎಫ್‌ಎಫ್‌ಎಂಪೆಗ್‌ನಲ್ಲಿ ಯಾಡಿಫ್ ಅಥ್ವಾ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಇದೆ, ಎರಡನೇದು ಇನ್ನೂ ಚೆನ್ನಾಗಿದೆ, ಮೋಡ್‌ನ ಒಂದು ಅಂತ ಇಟ್ರೆ 50 ಬರತ್ತೆ. ಆಮೇಲೆ 720 x 576ಗೆ ಚಿಕ್ಕದು ಮಾಡಿ. ಕೊನೇಗೆ ಮತ್ತೆ ಇಂಟರ್‌ಲೇಸ್ ಮಾಡಿ ಡಿವಿಡಿಗೆ ಬೇಕಾದ ಎಂಪೆಗ್2 ಫಾರ್ಮ್ಯಾಟ್‌ಗೆ ಕೊಡಿ. ಬಿಡಿಸಿ ಮತ್ತೆ ಕಟ್ಟೋದು ಹುಚ್ಚು ಕೆಲಸ ಅನ್ಸತ್ತೆ, ಆದ್ರೆ ಹಳೇ ಟಿವಿಲಿ ಕೋಲಾಟ, ಡೊಳ್ಳು ಕುಣಿತದಂಥ ಚಲನೆ ನುಣ್ಣಗೆ ಬರೋದು ಹೀಗೆ ಮಾಡಿದ್ರೆ ಮಾತ್ರ. ಇಷ್ಟೆಲ್ಲಾ ರಗಳೆ ಬೇಡ ಅಂದ್ರೆ 25 ಫ್ರೇಮ್ ಪ್ರೊಗ್ರೆಸಿವ್ (ಅರ್ಧರ್ಧ ಅಲ್ಲ, ಪೂರ್ತಿ ಚಿತ್ರ) ಮಾಡಿಬಿಡಿ, ಕೂತು ಪೂಜೆ ಮಾಡೋ ದೃಶ್ಯಕ್ಕೆ ಏನೂ ವ್ಯತ್ಯಾಸ ಗೊತ್ತಾಗಲ್ಲ, ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿದಾಗ ಮಾತ್ರ ಸ್ವಲ್ಪ ಎಳೆದಂಗೆ ಕಾಣತ್ತೆ. ಹೊಸ ಮಾಡೆಲ್‌ಗಳಲ್ಲಿ 50ಪಿ ಮೋಡ್ (ಸೆಕೆಂಡಿಗೆ 50 ಪೂರ್ತಿ ಚಿತ್ರ) ಇರತ್ತೆ, ಅದ್ರಲ್ಲಿ ತೆಗ್ದಿದ್ರೆ ಡಿಇಂಟರ್‌ಲೇಸ್ ಮಾಡೋ ಕೆಲಸ ಇಲ್ಲ, ನೇರ ಚಿಕ್ಕದು ಮಾಡೋದು.

ಫೀಲ್ಡ್ ಆರ್ಡರ್ ಅಂತ ಒಂದು ಇದೆ, ಅಂದ್ರೆ ಎರಡು ಅರ್ಧ ಚಿತ್ರದಲ್ಲಿ (ಅದೇ ಫೀಲ್ಡ್) ಯಾವುದು ಮೊದ್ಲು ಅನ್ನೋದು, ಅದನ್ನ ನೋಡ್ಕೊಳ್ಳಿ. ಎಚ್‌ಡಿ ಫುಟೇಜ್ ಟಾಪ್ ಫೀಲ್ಡ್ ಫಸ್ಟ್, ಹಳೇ ಡಿವಿ ಟೇಪ್ ಬಾಟಮ್ ಫಸ್ಟ್. ಡಿವಿಡಿ ಎರಡನ್ನೂ ಒಪ್ಪತ್ತೆ, ಆದ್ರೆ ನೀವು ಕಟ್ಟಿದ್ದು ಒಂದು, ಬೋರ್ಡ್ ಹಾಕಿದ್ದು ಇನ್ನೊಂದು ಆಗ್ಬಾರ್ದು. ಹಾಗೇನಾದ್ರೂ ಆದ್ರೆ ಅಕ್ಷತೆ ಹಾಕೋ ಕೈ ಮುಂದೆ ಹೋಗಿ ಹಿಂದೆ ಬಂದು ಮತ್ತೆ ಮುಂದೆ ಹೋದಂಗೆ ನಡುಗತ್ತೆ. ಕಂಪ್ಯೂಟರ್ ಮಾನಿಟರ್‌ನಲ್ಲಿ ಇದು ಗೊತ್ತೇ ಆಗಲ್ಲ, ಟಿವಿಲಿ ಹಾಕಿ ನೋಡಿ.

ಜರಿ ಸೀರೆ ಬಗ್ಗೆ ಬೇರೇನೇ ಹೇಳ್ಬೇಕು. ಎಚ್‌ಡಿಲಿ ಅಂಚಿನ ಒಂದೊಂದು ಎಳೆನೂ ಕಾಣತ್ತೆ, ಅದನ್ನ ತುಂಬಾ ಶಾರ್ಪಾಗಿ ಕುಗ್ಗಿಸಿದ್ರೆ ಒಂದೇ ಗೆರೆಯಷ್ಟು ತೆಳು ಇರೋ ಜರಿ ಒಂದ್ಸಲ ಬೆಸ ಫೀಲ್ಡ್‌ನಲ್ಲಿ ಬಂದು ಇನ್ನೊಂದ್ಸಲ ಮಾಯ ಆಗಿ ಪಟಪಟ ಮಿಣುಕತ್ತೆ. ಮದುವೆ ವಿಡಿಯೊ ಅಂದ್ಮೇಲೆ ಫ್ರೇಮ್ ತುಂಬಾ ಜರೀನೇ. ಮೇಲೆ-ಕೆಳಗೆ ದಿಕ್ಕಿಗೆ ಸ್ವಲ್ಪ ಸಾಫ್ಟ್ ಮಾಡಿದ್ರೆ ಇದು ನಿಲ್ಲತ್ತೆ, ಮತ್ತೆ ಇಂಟರ್‌ಲೇಸ್ ಮಾಡೋ ಫಿಲ್ಟರ್‌ಗಳಲ್ಲಿ ಲೋಪಾಸ್ ಅಂತ ಆಪ್ಷನ್ ಇರೋದು ಇದಕ್ಕೇ. ಶಾರ್ಪನ್ ಫಿಲ್ಟರ್ ಅಂತೂ ಮುಟ್ಟಲೇಬೇಡಿ. ಇನ್ನು ಬಣ್ಣ: ಎಚ್‌ಡಿ ಬಳಸೋದು 709 ಅನ್ನೋ ಕಲರ್ ಮ್ಯಾಟ್ರಿಕ್ಸ್, ಡಿವಿಡಿ ಬಳಸೋದು 601. ಬದಲಾಯಿಸದೇ ಬಿಟ್ರೆ ಕುಂಕುಮದ ಕೆಂಪು, ಅರಿಶಿನದ ಹಳದಿ ಒಂಚೂರು ಬೇರೆ ಆಗತ್ತೆ, ಮುಖದ ಬಣ್ಣನೂ. ಸ್ಕೇಲ್ ಫಿಲ್ಟರ್‌ನಲ್ಲೇ ಒಳಗೆ 709, ಹೊರಗೆ 601 ಅಂತ ಹೇಳಿದ್ರೆ ಆಯ್ತು.

ಪ್ರೀಮಿಯರ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಇರೋರು ಎಂಪೆಗ್2 ಡಿವಿಡಿ ಪ್ರೀಸೆಟ್ ತಗೊಂಡು ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿ ಟಿಕ್ ಮಾಡಿ, ಕುಗ್ಗಿಸೋದು ಚೆನ್ನಾಗಾಗತ್ತೆ. ಹ್ಯಾಂಡ್‌ಬ್ರೇಕ್ ಅನ್ನೋ ಕನ್ವರ್ಟರ್‌ನಲ್ಲಿ ಡಿವಿಡಿ ಮಾಡೋದು ಹೇಗೆ ಅಂತ ಕೇಳ್ತಾನೇ ಇರ್ತಾರೆ, ಆಗಲ್ಲ, ಅದು ಕೊಡೋದು ಎಂಪಿ4, ಎಂಕೆವಿ ಥರದ ಫೈಲ್‌ಗಳನ್ನ.

ಬಿಟ್‌ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಡೇಟಾ ಅನ್ನೋ ಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. 4.7 ಜಿಬಿ ಡಿಸ್ಕ್ ಅಂದ್ರೆ ಸುಮಾರು 37,600 ಮೆಗಾಬಿಟ್, ಮೆನುಗೆ, ಅದಕ್ಕೆ ಇದಕ್ಕೆ ಅಂತ ಬಿಟ್ಟು 36,000 ಇಟ್ಕೊಂಡ್ರೆ, 600ನ ನಿಮಿಷದಿಂದ ಭಾಗಿಸಿದ್ರೆ ಸಾಕು. 120 ನಿಮಿಷಕ್ಕೆ 5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), 90ಕ್ಕೆ 6.6, ಅದ್ರಲ್ಲಿ ಆಡಿಯೊಗೆ ಕಾಲು ಎಂಬಿಪಿಎಸ್ ಕಳೀರಿ. 60 ನಿಮಿಷಕ್ಕೆ 10 ಬರತ್ತೆ, ಅಷ್ಟು ಕೊಡ್ಬೇಡಿ. ಸ್ಟ್ಯಾಂಡರ್ಡ್‌ನಲ್ಲಿ ವಿಡಿಯೊಗೆ ಮಿತಿ 9.8, ಆದ್ರೆ ಮನೇಲಿ ಬರ್ನ್ ಮಾಡಿದ ಡಿಸ್ಕ್‌ನ ಹಳೇ ಪ್ಲೇಯರ್‌ಗಳು ಅಷ್ಟು ವೇಗದಲ್ಲಿ ಓದೋಕೆ ಒದ್ದಾಡ್ತವೆ, 8ರ ಮೇಲೆ ಹೋಗ್ಬೇಡಿ. ಎನ್‌ಕೋಡ್ ಸೆಟ್ಟಿಂಗ್‌ನಲ್ಲಿ ಟೂ ಪಾಸ್ ವೇರಿಯಬಲ್ ಇಡಿ, ಅಂದ್ರೆ ಎರಡು ಸಲ ಓದಿ ಬೇಕಾದ ಕಡೆ ಜಾಸ್ತಿ ಬಿಟ್ ಕೊಡೋದು. ನನ್ನ ಕೇಳಿದ್ರೆ ಎರಡು ಗಂಟೆಗಿಂತ ಜಾಸ್ತಿ ಒಂದು ಡಿಸ್ಕ್‌ಗೆ ತುರುಕೋದೇ ಬೇಡ, ಮುಹೂರ್ತ ಒಂದ್ರಲ್ಲಿ, ಆರತಕ್ಷತೆ ಇನ್ನೊಂದ್ರಲ್ಲಿ ಹಾಕಿ, ಖಾಲಿ ಡಿಸ್ಕ್ ಏನು ಚಿನ್ನದ ರೇಟಾ.

ಆಡಿಯೊ ಎಸಿ3, 48 ಕಿಲೋಹರ್ಟ್ಸ್, ಸ್ಟೀರಿಯೊ 256 ಕೆಬಿಪಿಎಸ್‌ನಲ್ಲಿ ಇಡಿ. ಕೆಲವು ಹ್ಯಾಂಡಿಕ್ಯಾಮ್ 5.1 ಸರೌಂಡ್ ಸೌಂಡ್‌ನಲ್ಲಿ ರೆಕಾರ್ಡ್ ಮಾಡಿರತ್ತೆ, ಟಿವಿ ಸ್ಪೀಕರ್‌ಗೆ ಅದ್ರಿಂದ ಉಪಯೋಗ ಇಲ್ಲ, ಸ್ಟೀರಿಯೊಗೆ ಇಳಿಸಿ, ಇಳಿಸಿದ್ಮೇಲೆ ಗಟ್ಟಿಮೇಳದ ಜಾಗ ಒಂದ್ಸಲ ಕೇಳಿ, ಒಡೆದಿದ್ರೆ ವಾಲ್ಯೂಮ್ ಕಮ್ಮಿ ಮಾಡಿ ಮತ್ತೆ ತೆಗೀರಿ.

16:9 ಫ್ಲ್ಯಾಗ್, ಅಂದ್ರೆ ಇದು ಅಗಲ ಚಿತ್ರ ಅಂತ ಫೈಲ್‌ನಲ್ಲಿ ಹಾಕೋ ಗುರುತು, ಮರೀಬೇಡಿ. 720 x 576 ಫೈಲ್‌ನಲ್ಲಿ ಎಲ್ಲಾರೂ ಉದ್ದಕ್ಕೆ ಸಣ್ಣಕ್ಕೆ ಕಂಡ್ರೆ ಗಾಬರಿ ಆಗಿ ಪಕ್ಕ ಕತ್ತರಿಸ್ಬೇಡಿ, ಫ್ಲ್ಯಾಗ್ ಸರಿ ಇದ್ರೆ ಪ್ಲೇಯರ್ ಅದನ್ನ ಅಗಲ ಮಾಡಿ ತೋರ್ಸತ್ತೆ. ಕ್ಯಾಮೆರಾ ಅಮೆರಿಕದಿಂದ ಬಂದಿದ್ದಾದ್ರೆ ಫುಟೇಜ್ 50 ಅಲ್ಲ 59.94 ಇರತ್ತೆ, ಅದನ್ನ ಪಾಲ್‌ಗೆ ತಿರುಗಿಸೋಕೆ ಹೋದ್ರೆ ಚಲನೆ ಜರ್ಕ್ ಹೊಡಿಯತ್ತೆ, 720 x 480ರ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಡಿವಿಡಿನೇ ಮಾಡಿ, ಇಲ್ಲಿನ ಪ್ಲೇಯರ್‌ಗಳು ಸಾಮಾನ್ಯವಾಗಿ ಎರಡೂ ಓಡಿಸ್ತವೆ. ಉಲ್ಟಾ ಮಾತ್ರ ಕಷ್ಟ, ಅಲ್ಲಿರೋ ಅಕ್ಕನಿಗೆ ಪಾಲ್ ಡಿಸ್ಕ್ ಕಳ್ಸಿದ್ರೆ ಅಲ್ಲಿನ ಎಷ್ಟೋ ಪ್ಲೇಯರ್ ಒಪ್ಪಲ್ಲ.

ಕನ್ವರ್ಟ್ ಆದ್ಮೇಲೆ ಆ ಫೈಲ್‌ನ ಹಾಗೇ ಡಿಸ್ಕ್‌ಗೆ ಎಳೆದು ಹಾಕಿದ್ರೆ ಅದು ಡೇಟಾ ಡಿಸ್ಕ್ ಅಷ್ಟೇ. ಪ್ಲೇಯರ್ ಓಡಿಸೋ ಡಿವಿಡಿ ಕಟ್ಟೋಕೆ ಡಿವಿಡಿ ಸ್ಟೈಲರ್ ಅನ್ನೋ ಸಾಫ್ಟ್‌ವೇರ್ ಫ್ರೀಯಾಗಿ ಸಿಗತ್ತೆ, ಅದ್ರಲ್ಲಿ ಪಾಲ್, 16:9 ಅಂತ ಪ್ರಾಜೆಕ್ಟ್ ತೆಗೆದು, ನಿಮ್ಮ ಎಂಪೆಗ್2 ಫೈಲ್ ಹಾಕಿ, ಅದು ಮತ್ತೆ ಎನ್‌ಕೋಡ್ ಮಾಡದೇ ಕಾಪಿ ಮಾಡೋ ಹಾಗೆ ಇಡಿ, ಇಲ್ದಿದ್ರೆ ಇಲ್ಲಿವರೆಗಿನ ಕೆಲಸ ಎಲ್ಲಾ ನೀರಿಗೆ ಹೋಗತ್ತೆ. ಚಾಪ್ಟರ್‌ಗಳನ್ನ ಐದೈದು ನಿಮಿಷಕ್ಕೆ ಅಂತ ಕುರುಡಾಗಿ ಹಾಕೋ ಬದ್ಲು ಕಾಶಿಯಾತ್ರೆ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ ಅಂತ ಇಡಿ, ರಿಮೋಟ್‌ನಲ್ಲಿ ನೆಕ್ಸ್ಟ್ ಒತ್ತಿದ್ರೆ ಅಲ್ಲಿಗೇ ಹೋಗ್ಬೇಕು. ಹೆಸ್ರು, ತಾರೀಖು ಬರೆಯೋದಾದ್ರೆ ಅಂಚಿಗೆ ಇಡ್ಬೇಡಿ, ಡಬ್ಬಾ ಟಿವಿಗಳು ನಾಕೂ ಕಡೆ ಸ್ವಲ್ಪ ನುಂಗಿಬಿಡ್ತವೆ. ಬರ್ನ್ ಮಾಡೋಕೆ ಇಮ್‌ಗ್‌ಬರ್ನ್ ಸಾಕು, ಡಿಸ್ಕ್ 16ಎಕ್ಸ್ ಅಂತಿದ್ರೂ 8ಎಕ್ಸ್‌ನಲ್ಲಿ ಮಾಡಿ, ಆದ್ಮೇಲೆ ವೆರಿಫೈ ಮಾಡ್ಸಿ. ಮೊದ್ಲು ಅಳಿಸಿ ಮತ್ತೆ ಬರೆಯೋಕೆ ಬರೋ ಆರ್‌ಡಬ್ಲ್ಯು ಡಿಸ್ಕ್‌ನಲ್ಲಿ ಒಂದು ಟ್ರಯಲ್ ನೋಡಿದ್ರೆ ಡಿಸ್ಕ್ ಹಾಳಾಗಲ್ಲ. ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸ್ಬೇಡಿ, ಸಿಡಿ ಮಾರ್ಕರ್‌ನಲ್ಲಿ ಬರೀರಿ.

ಮೂಲ ಎಂಟಿಎಸ್ ಫೈಲ್ ಅಳಿಸ್ಬೇಡಿ, ಇಡೀ ಫೋಲ್ಡರ್ ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇರ್ಲಿ, ಡಿವಿಡಿಯಿಂದ ವಾಪಸ್ ಎಚ್‌ಡಿ ಬರಲ್ಲ. ಮತ್ತೆ ಡಿಸ್ಕ್ ಕೊಡೋಕೆ ಹೋದಾಗ ಆ ಮನೇಲಿ ಡಬ್ಬಾ ಟಿವಿ ಇದ್ರೆ ನೀವೇ ಪ್ಲೇಯರ್‌ನ ಸೆಟಪ್ ಮೆನುಗೆ ಹೋಗಿ 4:3 ಲೆಟರ್‌ಬಾಕ್ಸ್ ಅಂತ ಇಟ್ಟು ಬನ್ನಿ, ಅಲ್ಲಿ 16:9 ಅಂತ ಇದ್ರೆ ಮದುಮಕ್ಕಳು ಕಡ್ಡಿ ಥರ ಕಾಣ್ತಾರೆ, ಆಮೇಲೆ "ಡಿಸ್ಕ್ ಸರಿ ಇಲ್ಲ ಕಣೋ" ಅಂತ ಫೋನ್ ಬರತ್ತೆ.