ವಿಜಯಪುರ ಒಂದೇ ದಿನದಲ್ಲಿ: ಗೋಳಗುಮ್ಮಟದಿಂದಲೇ ಶುರು ಮಾಡಿ

ವಿಜಯಪುರಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. 'ಗೋಳಗುಮ್ಮಟದಲ್ಲಿ ಬರೀ ಗದ್ದಲ, ಪಿಸುಮಾತು ಏನೂ ಕೇಳಿಸಲಿಲ್ಲ' ಅನ್ನುವವರೇ ಜಾಸ್ತಿ. ಹನ್ನೊಂದು ಗಂಟೆಗೆ ಶಾಲಾ ಪ್ರವಾಸದ ಮಕ್ಕಳ ಜೊತೆ ಮೆಟ್ಟಿಲು ಹತ್ತಿದರೆ ಇನ್ನೇನು ಕೇಳಿಸೀತು?

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯದು. ಏಪ್ರಿಲ್, ಮೇ ಬೇಡವೇ ಬೇಡ, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯೋದು ಆಗದ ಮಾತು. ಶನಿವಾರ, ಭಾನುವಾರ ಬಿಡಿ. ಹಿಂದಿನ ರಾತ್ರಿಯೇ ಊರು ಸೇರಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರ ಎಲ್ಲವನ್ನೂ ಒಂದೇ ದಿನ ತೋರಿಸುವ ಪ್ಯಾಕೇಜ್ ಟೂರ್ ಹತ್ತಬೇಡಿ. ಅದರಲ್ಲಿ ನೋಡಲು ಸಿಗುವುದು ಬಸ್ಸಿನ ಕಿಟಕಿ ಮಾತ್ರ.

ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಗೋಳಗುಮ್ಮಟದ ಮುಂದೆ ಇರಿ. 1656ರಲ್ಲಿ ತೀರಿಕೊಂಡ ಇಲ್ಲಿನ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಗೋರಿ ಇದು. ಒಳಗೆ ಒಂದೂ ಕಂಬವಿಲ್ಲ, ಒಂದನ್ನೊಂದು ದಾಟುವ ಎಂಟು ಕಮಾನುಗಳೇ ಇಡೀ ಗುಮ್ಮಟವನ್ನು ಹೊತ್ತಿವೆ. ನಡುವಿನ ಕಟ್ಟೆಯ ಮೇಲಿರುವುದು ತೋರಿಕೆಯ ಸಮಾಧಿ, ನಿಜವಾದದ್ದು ನೆಲದ ಕೆಳಗಿದೆ. ಕೆಳಗೆ ಸುತ್ತಾಡುತ್ತಾ ಕೂರಬೇಡಿ, ಇಳಿದ ಮೇಲೆ ಆ ಕಟ್ಟೆಯನ್ನು ನೋಡಬಹುದು. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ. ಮೆಟ್ಟಿಲು ಎತ್ತರ, ದಾರಿ ಇಕ್ಕಟ್ಟು. ಮೊಣಕಾಲು ನೋವಿದ್ದವರು ಪ್ರತಿ ಅಂತಸ್ತಿನಲ್ಲೂ ನಿಂತು ಹತ್ತಲಿ.

ಜನ ಎಡವುವುದು ಮೇಲೆ, ಗುಮ್ಮಟದ ಒಳಸುತ್ತಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ. ಒಳಗೆ ಕಾಲಿಟ್ಟ ಕೂಡಲೇ 'ಓಯ್' ಅಂತ ಕೂಗುತ್ತಾರೆ. ಒಂದು ಕೂಗಿನ ಮಾರ್ದನಿ ಮುಗಿಯುವ ಮೊದಲೇ ಇನ್ನೊಂದು ಕೂಗು. ಎಲ್ಲ ಕಲಸಿ ಸಂತೆ ಆಗುತ್ತದೆ. ಹೀಗೆ ಮಾಡಿ: ಇಬ್ಬರಿರಲೇಬೇಕು. ಒಬ್ಬರು ಬಾಗಿಲ ಹತ್ತಿರ ನಿಲ್ಲಿ, ಇನ್ನೊಬ್ಬರು ಅರ್ಧ ಸುತ್ತು ಹೋಗಿ ಸರಿಯಾಗಿ ಎದುರಿಗೆ ನಿಲ್ಲಿ. ನಡುವೆ ಸುಮಾರು 38 ಮೀಟರ್. ಈಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಗೋಡೆಗೆ ಮುಖ ಮಾಡಿ. ಬಾಯಿ ಗೋಡೆಯಿಂದ ಒಂದು ಗೇಣು ದೂರ ಇರಲಿ. ಪಕ್ಕದಲ್ಲಿ ಮಲಗಿದ ಮಗು ಏಳದಷ್ಟು ಮೆಲ್ಲಗೆ ಮಾತಾಡಿ. ಆ ಕಡೆಯವರು ಗೋಡೆಗೆ ಕಿವಿ ಹತ್ತಿರ ಹಿಡಿಯಲಿ. ದನಿ ಗೋಡೆಯ ಬಾಗಿಗೆ ಅಂಟಿಕೊಂಡೇ ಓಡುತ್ತದೆ, ಅದಕ್ಕೇ ಕೂಗುವ ಅಗತ್ಯವಿಲ್ಲ. ಉತ್ತರ ಕೊಡುವ ಮೊದಲು ಸುಮ್ನೆ ಸ್ವಲ್ಪ ಕಾಯಿರಿ. ಮಾತು ಸರಿಯಾಗಿ ಕೇಳಿಸಿದ ಮೇಲೆ ಒಂದು ಹಾಳೆ ತೆಗೆದು ನಿಧಾನಕ್ಕೆ ಹರಿಯಿರಿ. ಚರ್ರನೆ ಹರಿದ ಸದ್ದು ಎದುರಿನವರ ಕಿವಿಯ ಬುಡದಲ್ಲೇ ಕೇಳುತ್ತದೆ. ಚಪ್ಪಾಳೆ ಕೊನೆಗೆ, ಅದೂ ಒಂದೇ ಒಂದು. ಮಾರ್ದನಿ ಏಳು ಸಲ ಅನ್ನುವವರಿದ್ದಾರೆ, ಹತ್ತು ಅನ್ನುವವರೂ ಇದ್ದಾರೆ. ನೀವೇ ಎಣಿಸಿ.

ಬ್ಲೂಟೂತ್ ಸ್ಪೀಕರ್ ತರುವ ಹುಡುಗರಿಗೆ ನನ್ನದೊಂದು ಮಾತು: ದಯವಿಟ್ಟು ಅದನ್ನು ರೂಮಿನಲ್ಲೇ ಬಿಟ್ಟು ಬನ್ನಿ. ಕೆಳಗೆ ಬಗ್ಗಿ ನೋಡುವ ಮಕ್ಕಳ ಕೈಯನ್ನಂತೂ ಬಿಡಲೇಬೇಡಿ.

ಇಳಿದ ಮೇಲೆ ಆಟೋ ಅಥವಾ ಟಾಂಗಾ ಹಿಡಿಯಿರಿ, ಬಾಡಿಗೆ ಮೊದಲೇ ಮಾತಾಡಿ. ಊರನ್ನು ಪೂರ್ವದಿಂದ ಪಶ್ಚಿಮಕ್ಕೆ ನೋಡುತ್ತಾ ಹೋದರೆ ಹಿಂದೆ ಮುಂದೆ ಅಲೆಯೋದು ತಪ್ಪುತ್ತದೆ. ಜಾಮಿ ಮಸೀದಿ, ಆಮೇಲೆ ಕಟ್ಟುವುದು ಅರ್ಧಕ್ಕೇ ನಿಂತುಹೋದ ಗೋರಿ ಬಾರಾ ಕಮಾನ್. ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಇಲ್ಲಿಗೆ ಬಂದು ನಾರ್ತ್ ಇಂಡಿಯನ್ ಥಾಲಿ ಕೇಳಬೇಡಿ, ಅಲ್ವಾ?

ಊಟ ಆದ ಮೇಲೆ ಎತ್ತರದ ಕಾವಲು ಗೋಪುರ ಉಪಲಿ ಬುರುಜು, ಆಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್. ಬಾಯಿಯ ಹತ್ತಿರ ಹೋಗಿ ನೋಡಿ, ಅದು ಸಿಂಹದ ಬಾಯಿಯ ಆಕಾರದಲ್ಲಿದೆ, ಹಲ್ಲಿನ ನಡುವೆ ಆನೆಯೊಂದು ಸಿಕ್ಕಿಬಿದ್ದಿದೆ. ಅದನ್ನು ನೋಡದೆ ಬರೀ ಸೆಲ್ಫಿ ತೆಗೆದು ಹೊರಟವರೇ ಹೆಚ್ಚು.

ಇಬ್ರಾಹಿಂ ರೋಜಾ ಸಂಜೆಗೆ ಇಟ್ಟುಕೊಳ್ಳಿ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ, ಎದುರಿಗೇ ಮಸೀದಿ, ಎರಡೂ ಒಂದೇ ಜಗಲಿಯ ಮೇಲೆ. ತಾಜ್‌ಮಹಲಿಗೆ ಇದೇ ಮಾದರಿ ಅಂತ ಹೇಳುತ್ತಾರೆ, ಇರಲಿ. ನೀವು ಕಿಟಕಿ ನೋಡಿ. ಅಲ್ಲಿ ಅರಬ್ಬಿ ಅಕ್ಷರಗಳನ್ನೇ ಕಲ್ಲಿನಲ್ಲಿ ಜಾಲರಿಯಾಗಿ ಕೊರೆದಿದ್ದಾರೆ. ಐದು ಗಂಟೆಯೊಳಗೆ ಒಳಗಿರಿ, ಕತ್ತಲಾಗುವ ಮೊದಲೇ ಗೇಟು ಹಾಕುತ್ತಾರೆ. ಆಟೋದವರಿಗೆ ಕಾಯಲು ಹೇಳಿಯೇ ಒಳಗೆ ಹೋಗಿ.