ಲಾಭದ ಪುಟವನ್ನು ನಾನು ಕೊನೆಗೆ ಓದುತ್ತೇನೆ

ದೊಡ್ಡ ವಿಮಾ ಕಂಪನಿಯ ವಾರ್ಷಿಕ ವರದಿ ಬಂದೊಡನೆ ನಾನು ತೆರೆಯುವುದು ಹಿಂಭಾಗದ ಟಿಪ್ಪಣಿಗಳಲ್ಲಿರುವ ಕ್ಲೇಮು ಬೆಳವಣಿಗೆಯ ಕೋಷ್ಟಕವನ್ನು. ಒಂದೊಂದು ವರ್ಷದ ಕ್ಲೇಮುಗಳಿಗೆ ಎಷ್ಟು ಹಣ ಬೇಕೆಂಬ ಅಂದಾಜು ಆಮೇಲೆ ಹೇಗೆ ಬದಲಾಯಿತು ಎಂಬುದು ಅದರಲ್ಲಿರುತ್ತದೆ. "ವಿಮಾ ಗಣಿತದ ತಜ್ಞರಾದ ಆಕ್ಚುವರಿಗಳು ಲೆಕ್ಕ ಹಾಕಿ, ಲೆಕ್ಕಪರಿಶೋಧಕರು ಸಹಿ ಮಾಡಿದ ಮೀಸಲನ್ನು, ಅಂದರೆ ಕ್ಲೇಮು ಕೊಡಲು ಎತ್ತಿಟ್ಟ ಹಣವನ್ನು, ಹೊರಗೆ ಕುಳಿತು ಅಳೆಯಲು ನೀವು ಯಾರು?" ಎಂದು ಜೊತೆಯ ವಿಶ್ಲೇಷಕರು ಕೇಳುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ.

ಹಿಂದೊಮ್ಮೆ ನನ್ನ ಬಳಿ ಷೇರುಗಳಿದ್ದ ವಿಮಾ ಕಂಪನಿಯೊಂದರ ಕಂಬೈನ್ಡ್ ರೇಷಿಯೊ, ಅಂದರೆ ನೂರು ಪ್ರೀಮಿಯಂಗೆ ಕ್ಲೇಮು ಮತ್ತು ಖರ್ಚು ಸೇರಿ ಹೋಗುವ ಮೊತ್ತ, 96ರ ಆಸುಪಾಸಿನಲ್ಲಿತ್ತು. ಎಲ್ಲರೂ ಕೊಳ್ಳಿ ಎನ್ನುತ್ತಿದ್ದರು. ಆದರೆ ಅದರಲ್ಲಿ ಪ್ರತಿ ನೂರು ಪ್ರೀಮಿಯಂಗೆ ಐದರಷ್ಟು ಇಳಿಕೆ, ಹಳೆಯ ವರ್ಷಗಳ ಮೀಸಲನ್ನು ಕರಗಿಸಿ ಬಂದದ್ದು. ಅದನ್ನು ತೆಗೆದರೆ 101. ಅಂದರೆ ಆ ವರ್ಷದ ವಿಮಾ ವ್ಯವಹಾರವೇ ನಷ್ಟದಲ್ಲಿತ್ತು. ನನ್ನ ಉಳಿತಾಯದ ಆರನೇ ಒಂದು ಭಾಗದಷ್ಟಿದ್ದ ಷೇರುಗಳನ್ನು ಮಾರಿಬಿಟ್ಟೆ. ಬೆಲೆ ವರ್ಷವಿಡೀ ಏರುತ್ತಲೇ ಹೋಯಿತು, ಮಾತುಗಳನ್ನೂ ಕೇಳಬೇಕಾಯಿತು. ಆಮೇಲೆ ಕಂಪನಿ ಮೀಸಲಿಗೆ ದೊಡ್ಡ ಮೊತ್ತ ತುಂಬಬೇಕಾಯಿತು. ಷೇರು ಮೂರನೇ ಒಂದರಷ್ಟು ಕುಸಿಯಿತು. 2001ರಲ್ಲಿ ಆಸ್ಟ್ರೇಲಿಯಾದ ವಿಮಾ ಕಂಪನಿ ಎಚ್‌ಐಎಚ್ ಮುಳುಗಿದ್ದರ ಹಿಂದೆಯೂ ಮೀಸಲಿನ ಕೊರತೆಯೇ ಇತ್ತು.

ಈ ವಿಧಾನ ಹದಕ್ಕೆ ಬರುವ ಮೊದಲು ಸಾಕಷ್ಟು ಹಣ ಹೋಗಿದೆ. ದುಬಾರಿ ದತ್ತಾಂಶ ಸೇವೆಯೊಂದಕ್ಕೆ ಚಂದಾ ಕಟ್ಟಿದೆ. ಅವರು ಅಂಕಿಗಳನ್ನು ಒಂದೇ ಮಾದರಿಗೆ ತರುವ ಭರದಲ್ಲಿ ನನಗೆ ಬೇಕಾದ ಹಳೆಯ ವರ್ಷಗಳ ಏರಿಳಿತವನ್ನೇ ಅಳಿಸಿಹಾಕಿದ್ದರು. ಕೈಯಾರೆ ಟೈಪು ಮಾಡುವುದೇ ಲೇಸೆನಿಸಿತು. ಕ್ಲೇಮಿಗೆ ಕಾರಣವಾದ ಘಟನೆ ನಡೆದ ವರ್ಷಕ್ಕೆ ಅಪಘಾತ ವರ್ಷ ಎನ್ನುತ್ತಾರೆ. ಒಂದೇ ವಯಸ್ಸಿನ ಅಪಘಾತ ವರ್ಷಗಳಲ್ಲಿ ಅಂದಾಜಿನ ಎಷ್ಟು ಪಾಲು ಪಾವತಿಯಾಗಿದೆ ಎಂದು ಹೋಲಿಸುತ್ತೇನೆ. ಆ ಪಾಲು ವರ್ಷದಿಂದ ವರ್ಷಕ್ಕೆ ಏರಿದರೆ ಒಂದೋ ಕ್ಲೇಮುಗಳು ಬೇಗ ಇತ್ಯರ್ಥವಾಗುತ್ತಿವೆ, ಇಲ್ಲವೇ ಅಂದಾಜೇ ಕಡಿಮೆಯಿದೆ. ಮೋಟಾರು ಮತ್ತು ಹೊಣೆಗಾರಿಕೆ ವಿಮೆ ಒಂದೇ ಕೋಷ್ಟಕದಲ್ಲಿ ಬೆರೆತಿದ್ದರೆ ಇನ್ನೂ ಕಷ್ಟ: ವಾಹನ ಹಾನಿಯ ಕ್ಲೇಮು ಬೇಗ ಮುಗಿಯುತ್ತದೆ, ಹೊಣೆಗಾರಿಕೆಯದು ವರ್ಷಗಟ್ಟಲೆ ಎಳೆಯುತ್ತದೆ, ಮೋಟಾರಿನ ಪಾಲು ಹೆಚ್ಚಿದರೆ ಸಾಕು, ಸುಳ್ಳು ಎಚ್ಚರಿಕೆ ಬರುತ್ತದೆ. ಹಾಗೆ ಒಂದು ಒಳ್ಳೆಯ ಷೇರು ಕೈತಪ್ಪಿತು. ಇವನ್ನು ಬೇರ್ಪಡಿಸುವ ಉಪಾಯ ಇನ್ನೊಂದು ಟಿಪ್ಪಣಿಯಲ್ಲಿದೆ. ಅದು ಯಾವುದೆಂದು ಇಲ್ಲಿ ಹೇಳಲಾರೆ.

2023ರಿಂದ ವಿಮೆಯ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮವಾದ ಐಎಫ್‌ಆರ್‌ಎಸ್ 17 ಜಾರಿಯಾದಾಗ ಹಲವರ ಲೆಕ್ಕದ ಹಾಳೆಗಳು ಹಾಳಾದವು. ಕ್ಲೇಮುಗಳನ್ನು ಇಂದಿನ ಮೌಲ್ಯಕ್ಕೆ ಇಳಿಸಿ ತೋರಿಸುವುದರಿಂದ ಬಡ್ಡಿ ಏರಿದರೆ ಸಾಕು, ಕಂಬೈನ್ಡ್ ರೇಷಿಯೊ ಚೆನ್ನಾಗಿ ಕಾಣುತ್ತದೆ. ಆದರೆ ಬೆಳವಣಿಗೆಯ ಕೋಷ್ಟಕದಲ್ಲಿ ಹಿಂದಿನ ಅಂದಾಜುಗಳನ್ನು ಹಾಗೆ ಇಳಿಸದೆಯೇ ಕೊಡಬೇಕೆಂಬುದು ನಿಯಮ. ನನ್ನ ಕೆಲಸ ನಿಲ್ಲಲಿಲ್ಲ!

ನಡುವೆ ಮರುವಿಮೆಯಿಂದ, ಅಂದರೆ ವಿಮಾ ಕಂಪನಿ ತಾನೇ ಬೇರೆಡೆ ಮಾಡಿಸಿಕೊಂಡ ವಿಮೆಯಿಂದ, ಬರಬೇಕಾದ ಬಾಕಿಯನ್ನು ಕಂಪನಿಯ ಸ್ವಂತ ಬಂಡವಾಳದಿಂದ ಭಾಗಿಸಿ ನೋಡುವ ಪ್ರಯೋಗವನ್ನೂ ಮಾಡಿದೆ. ಒಂದನ್ನು ಮೀರಿದ ಕಡೆ ಮರುವಿಮಾದಾರರ ರೇಟಿಂಗ್ ಹುಡುಕುತ್ತೇನೆ. ಅಷ್ಟರ ಮಟ್ಟಿಗೆ ಉಪಯೋಗವಾಯಿತು. ವಿಮೆಯಲ್ಲದ ವಿಭಾಗಗಳನ್ನಂತೂ ನೋಡದೆ ಬಿಡುವುದೇ ಇಲ್ಲ. 2008ರಲ್ಲಿ ಅಮೆರಿಕದ ವಿಮಾ ಕಂಪನಿ ಎಐಜಿಯನ್ನು ಕುಸಿತದ ಅಂಚಿಗೆ ತಂದದ್ದು ಅದರ ಮನೆ, ವಾಹನ ಪಾಲಿಸಿಗಳಲ್ಲ, ಮುಖ್ಯವಾಗಿ ಹಣಕಾಸು ವಿಭಾಗ ಮಾರಿದ, ಬೇರೆಯವರ ಸಾಲ ಮುಳುಗಿದರೆ ತುಂಬಿಕೊಡುವ ಒಪ್ಪಂದಗಳಾದ ಕ್ರೆಡಿಟ್ ಡಿಫಾಲ್ಟ್ ಸ್ವಾಪ್‌ಗಳು. ಬೇಕಾದ ಬಂಡವಾಳಕ್ಕೆ ಹೋಲಿಸಿ ಇರುವುದೆಷ್ಟು ಎಂದು ಹೇಳುವ ಸಾಲ್ವೆನ್ಸಿ ಅನುಪಾತ ಒಂದನ್ನೇ ನಂಬುವವರೊಂದಿಗೆ ನನಗೆ ಈಗಲೂ ಜಗಳವಿದೆ.

ಜೀವ ವಿಮೆಗೆ ಈ ಕೋಷ್ಟಕ ಒದಗುವುದಿಲ್ಲ. ಅಲ್ಲಿ ಮುಂದಿನ ವರ್ಷಗಳ ಲಾಭವನ್ನು ಕೂಡಿಟ್ಟ ಸಿಎಸ್‌ಎಂ (ಕಾಂಟ್ರಾಕ್ಚುವಲ್ ಸರ್ವಿಸ್ ಮಾರ್ಜಿನ್) ಮೊತ್ತದಲ್ಲಿ ಹೊಸ ಪಾಲಿಸಿಗಳಿಂದ ಸೇರಿದ್ದೆಷ್ಟು, ಊಹೆ ಬದಲಿಸಿ ಸೇರಿಸಿದ್ದೆಷ್ಟು ಎಂದು ಬಿಡಿಸುತ್ತಿದ್ದೇನೆ. ಎರಡನೆಯದು ದೊಡ್ಡದಿರುವ ಕಂಪನಿಗಳನ್ನು ಸದ್ಯಕ್ಕೆ ದೂರವೇ ಇಟ್ಟಿದ್ದೇನೆ.