ರಿಕರ್ವ್ ಬಿಲ್ಲಿಗೆ ಶಾಫ್ಟ್: ಮೊದಲು ಸ್ಪೈನ್, ಆಮೇಲೆ ತೂಕ

ರಿಕರ್ವ್ ಬಿಲ್ಲಿಗೆ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಶಾಫ್ಟ್, ಅಂದರೆ ಬಾಣದ ಕಡ್ಡಿ, ಆರಿಸುವಾಗ ನಾನು ತೂಕ ನೋಡುವುದು ಆಮೇಲೆ. ಮೊದಲು ಸ್ಪೈನ್, ಅಂದರೆ ಶಾಫ್ಟ್ ಎಷ್ಟು ಬಾಗುತ್ತದೆ ಅನ್ನುವುದು. 28 ಇಂಚು ದೂರದ ಎರಡು ಆಧಾರಗಳ ಮೇಲಿಟ್ಟು ನಡುವೆ 880 ಗ್ರಾಂ ನೇತುಹಾಕಿದಾಗ 0.700 ಇಂಚು ಬಾಗಿದರೆ ಅದು 700 ಸ್ಪೈನ್. ಸಂಖ್ಯೆ ದೊಡ್ಡದಾದಷ್ಟೂ ಶಾಫ್ಟ್ ಮೆದು. ಯಾವ ಬಿಲ್ಲಿಗೆ ಯಾವ ಸ್ಪೈನ್ ಎಂದು ಹೇಳುವ ಚಾರ್ಟ್ ನೋಡುವ ಮುಂಚೆ ಬಿಲ್ಲಿನ ಪೌಂಡನ್ನು, ಅಂದರೆ ಎಳೆಯಲು ಬೇಕಾದ ಬಲವನ್ನು, ಸ್ವಂತ ಎಳೆತದಲ್ಲೇ ಸ್ಕೇಲ್ ಹಾಕಿ ಅಳೆಯಬೇಕು. ಲಿಂಬ್ (ಬಿಲ್ಲಿನ ಬಾಗುವ ತೋಳು) ಮೇಲೆ ಅಚ್ಚಾಗಿರುವುದು 28 ಇಂಚು ಎಳೆತದ ಲೆಕ್ಕ. ಒಂದು ಇಂಚಿಗೆ ಸುಮಾರು 2 ಪೌಂಡ್ ಹೆಚ್ಚುಕಮ್ಮಿ ಆಗುತ್ತದೆ.

ಎಳೆದಾಗ ಬೆರಳಿಗೆ ಬೀಳುವುದು 34 ಪೌಂಡ್, ಬಾಣ 29 ಇಂಚು ಅಂತಿಟ್ಟುಕೊಳ್ಳಿ. ಅಲ್ಯೂಮಿನಿಯಂನಲ್ಲಿ 1816 ಹತ್ತಿರ ಬರುತ್ತದೆ: ವ್ಯಾಸ 18/64 ಇಂಚು, ಗೋಡೆ 0.016 ಇಂಚು. ತೂಕ ಇಂಚಿಗೆ 9 ಗ್ರೇನ್ (ಒಂದು ಗ್ರೇನ್ ಸುಮಾರು 0.065 ಗ್ರಾಂ) ಮೇಲಿದೆ. ಪಾಯಿಂಟ್ (ಮುಂದಿನ ಮೊನೆ), ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ), ವೇನ್ (ಹಿಂದಿನ ರೆಕ್ಕೆ) ಸೇರಿ ಬಾಣ ಸುಮಾರು 360 ಗ್ರೇನ್ ತೂಗುತ್ತದೆ. ಇಂಚಿಗೆ 6 ಗ್ರೇನ್ ಒಳಗಿನ ಕಾರ್ಬನ್ ಶಾಫ್ಟಿಗೆ 100 ಗ್ರೇನ್ ಪಾಯಿಂಟ್ ಹಾಕಿದರೂ 280ರ ಆಸುಪಾಸು. ವೇಗದ ವ್ಯತ್ಯಾಸ ಸೆಕೆಂಡಿಗೆ ಹೆಚ್ಚುಕಮ್ಮಿ 20 ಅಡಿ. 18 ಮೀಟರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. 70 ಮೀಟರಿಗೆ ಭಾರದ ಬಾಣ ಒಂದೂವರೆ ಮೀಟರಿನಷ್ಟು ಹೆಚ್ಚು ಇಳಿಯುತ್ತದೆ. ಸೈಟ್ ಪಿನ್ನನ್ನು (ಬಿಲ್ಲಿನ ಮೇಲೆ ಗುರಿ ನೋಡುವ ಮೊನೆ) ಸುಮಾರು 2 ಸೆಂಟಿಮೀಟರ್ ಕೆಳಗಿಳಿಸಬೇಕಾಗಿ, ಬಾಣವೇ ಅದಕ್ಕೆ ಅಡ್ಡ ಬರಬಹುದು. ನನಗೆ ವೇಗ ಬೇಕಿರುವುದು ಅಷ್ಟಕ್ಕೇ. 70 ಮೀಟರಿಗೆ ಸೈಟ್ ಸಾಲುವಂತಾದ ಮೇಲೆ ಇನ್ನೂ ಹಗುರ ಹುಡುಕುವುದು ದುಡ್ಡು ದಂಡ: ಗಾಳಿಯಲ್ಲಿ ತೆಳ್ಳಗಿದ್ದು ತುಸು ತೂಕವಿರುವ ಶಾಫ್ಟೇ ಕಡಿಮೆ ಸರಿಯುತ್ತದೆ. ರಿಕರ್ವಿನಲ್ಲಿ ಬಾಣದ ತೂಕದಲ್ಲಿ ಬಿಲ್ಲಿನ ಪೌಂಡಿಗೆ 7 ಗ್ರೇನ್‌ಗಿಂತ ಕೆಳಗೆ ನಾನು ಹೋಗುವುದಿಲ್ಲ, ಉಳಿದ ಹೊಡೆತವೆಲ್ಲ ಲಿಂಬಿಗೂ ಹೆದೆಗೂ ಬೀಳುತ್ತದೆ.

ಕತ್ತರಿಸುವಾಗ ಅರ್ಧ ಇಂಚು ಉದ್ದ ಬಿಟ್ಟುಕೊಳ್ಳುತ್ತೇನೆ. ವೇನ್ ಇಲ್ಲದ ಬಾಣವನ್ನು 18 ಮೀಟರಿನಲ್ಲಿ ವೇನ್ ಇರುವವುಗಳ ಜೊತೆ ಬಿಟ್ಟು ನೋಡಬೇಕು. ಬಲಗೈಯವರಿಗೆ ಅದು ಗುಂಪಿನ ಬಲಕ್ಕೆ ಬಿದ್ದರೆ ಶಾಫ್ಟ್ ಮೆದು. ಕಾಲು ಇಂಚಿನಂತೆ ಕತ್ತರಿಸುತ್ತ ಬನ್ನಿ. ಎಡಕ್ಕೆ ಬಿದ್ದರೆ ಗಡುಸು. ಪಾಯಿಂಟ್ ತೂಕ 10 ಗ್ರೇನ್ ಏರಿಸಿ. ಕಾರ್ಬನ್‌ಗೆ ವೇಗವಾಗಿ ತಿರುಗುವ ಸಾಣೆ ಬ್ಲೇಡೇ ಬೇಕು, ಪೈಪ್ ಕಟರ್ ಹಾಕಿದರೆ ತುದಿ ಸೀಳುತ್ತದೆ. ಮಾಸ್ಕ್ ಮರೆಯಬೇಡಿ.

ಬಾಳಿಕೆಯ ವಿಷಯದಲ್ಲಿ ಎರಡೂ ಕೆಡುವ ರೀತಿಯೇ ಬೇರೆ. ಅಲ್ಯೂಮಿನಿಯಂ ಗುರಿಹಲಗೆಯ ಮರದ ಚೌಕಟ್ಟಿಗೆ ಬಡಿದರೆ ಬಾಗುತ್ತದೆ, ಕೀಳುವಾಗ ಓರೆ ಎಳೆದರೂ ಬಾಗುತ್ತದೆ. ಗಾಜಿನ ಮೇಲೆ ಉರುಳಿಸಿದರೆ ತಕ್ಷಣ ಗೊತ್ತಾಗುತ್ತದೆ. ಸಣ್ಣ ಬಾಗು ನೇರ ಮಾಡಬಹುದು. ಕಾರ್ಬನ್ ಬಾಗಿ ನಿಲ್ಲುವುದಿಲ್ಲ, ಕಾಣದಂತೆ ಸೀಳುತ್ತದೆ. ಗಟ್ಟಿ ಜಾಗಕ್ಕೆ ಬಡಿದ ಪ್ರತಿ ಬಾಣವನ್ನೂ, ಮುಖದಿಂದ ದೂರ ಹಿಡಿದು, ಮೆಲ್ಲಗೆ ಬಾಗಿಸಿ ತಿರುಚಿ ಕೇಳಿ: ಚಿಟ್ ಎಂದರೆ ಮುರಿದು ಎಸೆಯಿರಿ, ಇಲ್ಲದಿದ್ದರೆ ಬಿಡುವಾಗ ಕೈಗೇ ಚುಚ್ಚೀತು. ಹೆಚ್ಚಾಗಿ ಬಿರಿಯುವುದು ಪಾಯಿಂಟ್ ಹಿಂದಿನ ಒಂದು ಇಂಚು ಮತ್ತು ನಾಕ್ ಕೂರುವ ತುದಿ. ಪಿನ್ ನಾಕ್ (ಶಾಫ್ಟಿನ ಹಿಂತುದಿಗೆ ಹಾಕಿದ ಲೋಹದ ಪಿನ್ ಮೇಲೆ ಕೂರುವ ನಾಕ್) ಹಾಕಿದರೆ ಹಿಂದಿನಿಂದ ಇನ್ನೊಂದು ಬಾಣ ಬಡಿದಾಗ ಪಿನ್ನೇ ಏಟು ತಿನ್ನುತ್ತದೆ, ಶಾಫ್ಟ್ ಬಹುಮಟ್ಟಿಗೆ ಉಳಿಯುತ್ತದೆ.